ಕೆಂಪು ಹೆಸರು

ಮುಆರಾ ಜಿಂಗಾ, ದಕ್ಷಿಣ ಕಾಲಿಮಂತಾನ್
ಫೆಬ್ರವರಿ ೧೯

ಪ್ರೀತಿಯ ಯಾನಾ,

ಸುರಬಾಯಾದಲ್ಲಿ ನೀನೂ ಮಕ್ಕಳೂ ಕ್ಷೇಮವೆಂದುಕೊಂಡು ಬರೆಯುತ್ತಿದ್ದೇನೆ. ತಡವಾಯಿತು, ಬೈಯಬೇಡ. ಕೂತರೆ ಕೂರಲಾಗುವುದಿಲ್ಲ, ಎದ್ದರೆ ಎಲ್ಲಿಗೆ ಹೊರಟೆ ಎಂದು ನೆನಪಿರುವುದಿಲ್ಲ. ಊಟದ ನಡುವೆ ಎದ್ದು ಹೋಗಿ ಆರೋಗ್ಯ ಕೇಂದ್ರದ ಔಷಧದ ಫ್ರಿಜ್ ಮುಚ್ಚಿದೆಯೇ ಎಂದು ನೋಡಿ ಬರುತ್ತೇನೆ. ‘ಫ್ರಿಜ್ಜನ್ನೇ ಮದುವೆಯಾಗಬೇಕಿತ್ತು ನೀನು’ ಎಂದು ನಮ್ಮ ಯಜಮಾನರು ಅಣಕಿಸುತ್ತಾರೆ.

ನಮ್ಮ ನದಿಯುದ್ದದ ಆರೋಗ್ಯ ಕೇಂದ್ರಗಳಿಗೆ ನೀನು ಮಾಡಿಕೊಟ್ಟ ಕಂಪ್ಯೂಟರ್ ಏಜೆಂಟ್‌ಗಳ ವಿಷಯ ಹೇಳಬೇಕು. ಒಂದು ಕಡೆ ಔಷಧ ಕಡಿಮೆ ಬಿದ್ದರೆ ಅವು ತಮ್ಮತಮ್ಮಲ್ಲೇ ಕೇಳಿಕೊಂಡು, ಯಾರನ್ನು ನಂಬಿ ಕೊಡಬಹುದೆಂದು ತಾವೇ ತೀರ್ಮಾನಿಸುತ್ತವೆ. ಹೆತ್ತವಳಿಗೇ ಮಗುವಿನ ಪರಿಚಯ ಹೇಳಿದಂತಾಯಿತು. ಆದರೆ ಅವು ಇಲ್ಲಿ ಕೆಳಗಿನಿಂದ ಹೇಗೆ ಕಾಣುತ್ತವೆ ಎನ್ನುವುದು ನಿನಗೂ ಗೊತ್ತಿರಲಿ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಹೋದ ಮಳೆಗಾಲದಲ್ಲಿ ನಾವು ಎರವಲು ತಂದಿದ್ದ ಔಷಧದ ಪೆಟ್ಟಿಗೆಗಳನ್ನು ನೀರು ಏರಿದ್ದರಿಂದ ಹೊತ್ತಿಗೆ ಹಿಂತಿರುಗಿಸಲಾಗಲಿಲ್ಲ. ಕರೆಂಟೂ ಹೋಗಿ ಒಂದು ಪೆಟ್ಟಿಗೆ ಕೆಟ್ಟಿತು. ಕೊಟ್ಟ ಕೇಂದ್ರದ ಏಜೆಂಟ್ ನಮಗೆ ಕೆಟ್ಟ ಅಂಕ ಹಾಕಿತು. ಅದು ಸರಿಯೇ. ಆದರೆ ನಮ್ಮೊಡನೆ ಎಂದೂ ವ್ಯವಹರಿಸದ ಏಜೆಂಟ್‌ಗಳೂ ಅದರ ಮಾತು ಕೇಳಿ ಹಾಗೇ ನಂಬಿದವು, ಇನ್ನೊಂದಕ್ಕೆ ಹೇಳಿದವು. ಎಲ್ಲರ ಪರದೆಯಲ್ಲೂ ನಮ್ಮ ಹೆಸರು ಕೆಂಪಾಯಿತು. ಕೆಂಪಾದವರಿಗೆ ಯಾರೂ ಕೊಡುವುದಿಲ್ಲ. ಕೊಡದಿದ್ದರೆ ಹೊತ್ತಿಗೆ ಹಿಂತಿರುಗಿಸಿ ಹೆಸರು ತೊಳೆದುಕೊಳ್ಳುವುದಾದರೂ ಹೇಗೆ?

ಹೋದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಹದಿಜಾಳನ್ನು ಹೊತ್ತು ತಂದರು. ಚಾಪೆ ಹೆಣೆಯುವವಳು. ಜೌಗಿನಲ್ಲಿ ಪುರುನ್ ಹುಲ್ಲು ಕೊಯ್ಯುವಾಗ ನಾಗರ ಎಡಗೈಗೆ ಕಚ್ಚಿತ್ತು. ರೆಪ್ಪೆ ಜೋಲುತ್ತಿತ್ತು, ಮಾತು ತೊದಲುತ್ತಿತ್ತು. ನಮ್ಮಲ್ಲಿ ವಿಷದ ಮದ್ದು ಒಂದು ಬಾಟಲಿಯೂ ಇರಲಿಲ್ಲ. ನಮ್ಮ ಏಜೆಂಟ್ ಎಲ್ಲ ಕೇಂದ್ರಗಳನ್ನೂ ಕೇಳಿತು, ರೆಪ್ಪೆ ಬಡಿಯುವಷ್ಟರಲ್ಲಿ ಎಲ್ಲವೂ ಕೊಡುವುದಿಲ್ಲವೆಂದವು. ಮೇಲ್ದಂಡೆಯ ಪುಲಾವ್ ಕಲಾಂಗ್‌ನಲ್ಲಿ ಮದ್ದು ಇದೆಯೆಂದು ನನಗೆ ಗೊತ್ತಿತ್ತು. ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ.

ನಮ್ಮ ಡಾಕ್ಟರು ಅವಳ ಮುಖಕ್ಕೆ ಗಾಳಿಚೀಲ ಹಿಡಿದು ಕೈಯಿಂದಲೇ ಉಸಿರು ಒತ್ತುತ್ತಿದ್ದರು. ‘ನನ್ನ ಕೈ ಸೋಲೋದ್ರೊಳಗೆ ಮದ್ದು ತನ್ನಿ’ ಎಂದರು. ದೋಣಿಯ ಮುದುಕ ಸಹ್ರನ್ ನಮಾಜಿಗೆಂದು ಕೈಕಾಲು ತೊಳೆಯುತ್ತಿದ್ದವನು ಹಾಗೆಯೇ ಎದ್ದು ಬಂದು ಎಂಜಿನ್ನಿನ ಹಗ್ಗ ಎಳೆದ. ದಾರಿಯುದ್ದಕ್ಕೂ ‘ಇನ್ನೂ ಜೋರಾಗಿ ಓಡ್ಸು’ ಎನ್ನುತ್ತಿದ್ದೆ. ‘ದೋಣಿ ಕಣಮ್ಮಾ, ಹಕ್ಕಿಯಲ್ಲ’ ಎಂದ.

ಪುಲಾವ್ ಕಲಾಂಗ್‌ನ ಹಿರಿಯ ದಾದಿ ಜುಮಿಯಾಳನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುವುದು. ಹಿಂದಿನ ವರಾಂಡದಲ್ಲಿ ಗಾಯದ ಪಟ್ಟಿ ಒಣಹಾಕುತ್ತಿದ್ದಳು. ಫೋನ್ ಒಳಗೆಲ್ಲೋ ಇತ್ತು. ನಾನು ಹೇಳಿದ್ದನ್ನು ಕೇಳಿ ಪರದೆ ನೋಡಿದಳು.

‘ನಿಮ್ಮ ಹೆಸರು ಕೆಂಪಗಿದೆಯಲ್ಲೇ.’

‘ಗೊತ್ತು ಚಿಕ್ಕಮ್ಮ.’

‘ಪೆಟ್ಟಿಗೆ ಕೆಡಿಸಿದ್ದು ನಿಜಾನಾ?’

‘ನಿಜ. ನೀರು ಬಂದಿತ್ತು.’

‘ನೀರು ಬಂದಿದ್ದನ್ನ ಇದರಲ್ಲಿ ಯಾರೂ ಬರ್ದಿಲ್ಲ’ ಎಂದಳು. ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ‘ಹೆಸರು ಕೆಂಪಗಿದ್ರೆ ಇರ್ಲಿ, ಮುಖ ನೆಟ್ಟಗಿದೆ. ತಗೊಂಡು ಹೋಗು. ಕೇಳೋರಿಗೆ ನಾನು ಹೇಳ್ಕೋತೀನಿ.’ ಇದ್ದ ಬಾಟಲಿಗಳನ್ನೆಲ್ಲ ಐಸ್ ಡಬ್ಬಿಗೆ ತುಂಬಿ ಕೊಟ್ಟಳು.

ಹದಿಜಾ ಬದುಕಿದಳು. ಎಡಗೈಯ ಎರಡು ಬೆರಳು ಕೊಳೆತು ತೆಗೆಯಬೇಕಾಯಿತು. ‘ಎಂಟು ಬೆರಳಿನ ಚಾಪೆ ಅಂತ ಕಡಿಮೆಗೆ ಕೇಳ್ತಾರೆ. ಕೊಡಲ್ಲ’ ಎನ್ನುತ್ತಾಳೆ. ನಕ್ಕೆ, ಫ್ರಿಜ್ ನೋಡುವ ನೆಪದಲ್ಲಿ ಒಳಗೆ ಹೋದೆ.

ಆಮೇಲಿನದು ಕೇಳು. ನಂಬಬಾರದವರಿಗೆ ಕೊಟ್ಟಳೆಂದು ಜುಮಿಯಾಳ ಕೇಂದ್ರದ ಹೆಸರೂ ಕೆಂಪಾಯಿತು. ಈಗ ಅವಳಿಗೂ ಯಾರೂ ಕೊಡುವುದಿಲ್ಲ. ಎರಡು ಕೆಂಪು ಕೇಂದ್ರದವರೂ ಒಬ್ಬರಿಗೊಬ್ಬರು ಕೊಟ್ಟು, ಹೊತ್ತಿಗೆ ಹಿಂತಿರುಗಿಸಿ, ಒಳ್ಳೆಯ ಅಂಕ ಹಾಕಿಕೊಂಡೆವು. ಒಬ್ಬರನ್ನೊಬ್ಬರು ಹೊಗಳಿಕೊಳ್ಳುವ ಮೋಸದ ಕೂಟವೆಂದು ನಿನ್ನ ಏಜೆಂಟ್‌ಗಳು ಆ ಅಂಕಗಳನ್ನು ಅಳಿಸಿಹಾಕಿದವು. ಅಧಿಕಾರಿಗಳ ಸಭೆಯಲ್ಲಿ ಜಗಳವಾಡಿದೆ. ಜೀವ ಹೋಗುವ ಹೊತ್ತಿನಲ್ಲಿ ಮನುಷ್ಯರ ಮಾತಿಗೇ ಮದ್ದು ಕೊಡಬಹುದೆಂದು ಒಪ್ಪಿದರು. ಹೆಸರಿನ ಬಣ್ಣ ಬದಲಿಸುವುದು ತಮ್ಮ ಕೈಯಲ್ಲಿಲ್ಲವೆಂದರು. ಅದು ನಿನ್ನ ಕೈಯಲ್ಲಿದೆಯಂತೆ.

ಬಾ ಯಾನಾ. ಕೈಲಾಗದೆ ತಪ್ಪಿದವರನ್ನೂ ಮನಸ್ಸಿಲ್ಲದೆ ತಪ್ಪಿದವರನ್ನೂ ಬೇರೆ ಮಾಡಿ ನೋಡುವುದನ್ನು ಅವಕ್ಕೆ ಕಲಿಸು. ಜುಮಿಯಾಳ ಎದುರು ಕೂತು ಒಂದು ಲೋಟ ಚಹಾ ಕುಡಿ, ನಿನಗೇ ತಿಳಿಯುತ್ತದೆ.

ನಿನ್ನ ಮಕ್ಕಳಿಗೆ ಆಯುಸ್ಸು ಹೆಚ್ಚಲಿ. ನಿನ್ನ ಬಾಗಿಲಿಗೆ ಬಂದವರು ಬರಿಗೈಯಲ್ಲಿ ಹೋಗದಿರಲಿ.

ನಿನ್ನ,
ಮಸ್ನಾ

ತಾ.ಕ.: ಹೋದ ವಾರ ಮೊಬೈಲಿನಲ್ಲಿ ನಿನಗೊಂದು ಸಾಲು ಕಳಿಸಿದ್ದೆ, ಊರಿಗೆ ಬರುತ್ತೀಯಾ ಎಂದು. ಆ ಕ್ಷಣವೇ ಉತ್ತರ ಬಂತು. ತುಂಬ ಅಕ್ಕರೆಯ ಉತ್ತರ. ಕೊನೆಯಲ್ಲಿ, ‘ಅಮ್ಮನಿಗೆ ನನ್ನ ಸಲಾಂ ಹೇಳು, ಅವರ ಕೈಯ ಮೀನಿನ ಸಾರು ಬಾಯಲ್ಲೇ ಇದೆ’ ಎಂದಿತ್ತು. ಯಾನಾ, ಮಣ್ಣಿಗಿಡುವ ಮುಂಚೆ ನಮ್ಮಮ್ಮನಿಗೆ ಸ್ನಾನ ಮಾಡಿಸುವಾಗ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದವಳು ನೀನು. ನಿನ್ನ ಪರವಾಗಿ ಉತ್ತರ ಬರೆಯಲೂ ಒಂದು ಏಜೆಂಟ್ ಇಟ್ಟಿದ್ದೀಯೆಂದು ಆಗ ಹೊಳೆಯಿತು. ಆಮೇಲೆ ಈ ವರ್ಷದ ನಿನ್ನ ಉತ್ತರಗಳನ್ನೆಲ್ಲ ಮತ್ತೆ ಓದಿದೆ. ಯಾವುದರಲ್ಲಿ ನೀನಿದ್ದೆ, ಯಾವುದರಲ್ಲಿ ಇರಲಿಲ್ಲ ಎಂದು ನನಗೆ ತಿಳಿಯುತ್ತಿಲ್ಲ.