ನನ್ನ ಅಕ್ಕ ಕೊಟ್ಟ 'ಸ್ವಇಚ್ಛೆಯ' ದೇಣಿಗೆ

ಮಾನ್ಯ ಚುನಾವಣಾ ವೆಚ್ಚ ಮೇಲ್ವಿಚಾರಕರೇ,

ನನ್ನ ಅಕ್ಕ ಒಂದು ರಾಜಕೀಯ ಪಕ್ಷಕ್ಕೆ ದೇಣಿಗೆ ಕೊಟ್ಟಿದ್ದಾಳೆ. ಅವಳನ್ನು ಒಂದು ಮಾತೂ ಕೇಳದೆ ಅವಳ ಸಂಬಳದಿಂದಲೇ ಎತ್ತಿಕೊಂಡ ದೇಣಿಗೆ ಅದು. ನ್ಯಾಯ ಕೇಳಲು ನಿಮ್ಮ ಬಳಿ ಬಂದದ್ದಕ್ಕೆ ಕೆಲಸವನ್ನೂ ಕಳೆದುಕೊಂಡಳು. ಇದನ್ನು ನಿಮಗೊಬ್ಬರಿಗೇ ಬರೆಯಬಹುದಿತ್ತು. ಆದರೆ ನಿಮಗೊಬ್ಬರಿಗೇ ಹೇಳಿದ್ದು ಎಲ್ಲಿಗೆ ತಲುಪುತ್ತದೆಂದು ನಮಗೀಗ ಚೆನ್ನಾಗಿ ಗೊತ್ತಾಗಿದೆ. ಅದಕ್ಕೇ ಎಲ್ಲರೂ ಓದಲೆಂದು ಈ ಬಹಿರಂಗ ಪತ್ರ.

ಅಕ್ಕ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. ಚುನಾವಣೆ ಘೋಷಣೆಯಾದ ತಿಂಗಳು ಎಲ್ಲರ ಸಂಬಳದಲ್ಲೂ ಒಂದು ಪಾಲು ಕಡಿತವಾಯಿತು. ಏಕೆಂದು ಕೇಳಿದರೆ, ಮಾಲೀಕರ ಪಕ್ಷಕ್ಕೆ ನೀವೆಲ್ಲ ಸ್ವಇಚ್ಛೆಯಿಂದ ದೇಣಿಗೆ ಕೊಟ್ಟಿದ್ದೀರಿ ಎಂದು ಸೂಪರ್‌ವೈಸರ್ ತಿಳಿಸಿದನಂತೆ. ತಮ್ಮ ಇಚ್ಛೆ ಏನೆಂಬುದನ್ನು ಇನ್ನೊಬ್ಬರ ಬಾಯಿಂದ ತಿಳಿದುಕೊಳ್ಳುವ ಭಾಗ್ಯ ಎಷ್ಟು ಜನರಿಗುಂಟು? ಉಳಿದವರು ತಲೆ ತಗ್ಗಿಸಿ ಮೆಷಿನ್‌ಗೆ ಕೂತರು. ಅಕ್ಕ ರಜೆ ಹಾಕಿ ನಿಮ್ಮ ಕಚೇರಿಗೆ ಬಂದಳು. ಜೊತೆಗೆ ನಾನೂ ಇದ್ದೆ.

ನಿಮ್ಮ ಕೋಣೆಯ ಹೊರಗೆ 'ಪಾರದರ್ಶಕತೆಯೇ ನಮ್ಮ ಉಸಿರು' ಎಂಬ ಫಲಕ. ಬಾಗಿಲಿನ ಗಾಜಿಗೆ ಮಾತ್ರ ಒಳಗಿನದೇನೂ ಕಾಣದಂತೆ ಕಪ್ಪು ಕಾಗದ ಅಂಟಿಸಿದ್ದಿರಿ. ಬಲವಂತದ ದೇಣಿಗೆಯ ಬಗ್ಗೆ ದೂರು ಕೊಡುವ ಹಕ್ಕು ದಾನಿಗೆ ಮಾತ್ರ ಎಂದು ಬಹಳ ಸೌಜನ್ಯದಿಂದ ವಿವರಿಸಿದಿರಿ. ಆ ದಾನಿ ನಾನೇ ಎಂದಳು ಅಕ್ಕ. ಅದನ್ನು ಖಚಿತಪಡಿಸಲಾಗದು, ದಾನಿಗಳ ಹೆಸರು ಗೋಪ್ಯ ಎಂದಿರಿ.

"ಕೊಟ್ಟೋಳು ನಾನೇ ಅಲ್ವಾ ಸಾರ್? ನನ್ನ ಹೆಸರನ್ನ ನನ್ನಿಂದಾನೇ ಮುಚ್ಚಿಡ್ತೀರಾ?"

"ಈ ನಿಯಮ ಇರೋದೇ ನಿಮ್ಮಂಥವರ ರಕ್ಷಣೆಗಮ್ಮ," ಎಂದಿರಿ. ಅರ್ಜಿ ಇಟ್ಟುಕೊಂಡು ನಮ್ಮನ್ನು ಕಳಿಸಿದಿರಿ.

ಮರುದಿನ ಸೂಪರ್‌ವೈಸರ್ ಅಕ್ಕನನ್ನು ಗೇಟಿನಲ್ಲೇ ತಡೆದ. ನಿಮ್ಮೆದುರು ಅವಳಾಡಿದ ಮಾತನ್ನು ಒಂದಕ್ಷರ ಬಿಡದೆ ಅವಳಿಗೇ ಒಪ್ಪಿಸಿ, ಇನ್ನು ಬರಬೇಡ ಎಂದ. ಆ ಕೋಣೆಯಲ್ಲಿ ನಾವಿಬ್ಬರು ಮತ್ತು ನೀವು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಬಾಯಿ ಬಿಟ್ಟವರು ಯಾರು ಮಾನ್ಯರೇ? ದೇಣಿಗೆ ಕೊಟ್ಟವಳಾಗಿ ನನ್ನಕ್ಕ ಗೋಪ್ಯ, ದೂರು ಕೊಟ್ಟವಳಾಗಿ ಬಹಿರಂಗ! ದುಡ್ಡು ನುಂಗಿದ ಮಾಲೀಕನ ಮೇಲೆ ನನಗೆ ಸಿಟ್ಟಿದೆ. ನಿಮ್ಮ ಬಗ್ಗೆ ಇರುವುದು ಹೇಸಿಗೆ. ಅವನು ನಮ್ಮವನೆಂದು ಹೇಳಿಕೊಂಡವನಲ್ಲ, ನಿಮ್ಮನ್ನು ಕಾವಲಿಗೆಂದೇ ಕೂರಿಸಿದ್ದೆವು.

ಅಕ್ಕ ಈಗ ಮನೆಯಲ್ಲೇ ಹರಿದ ಬಟ್ಟೆಗೆ ತೇಪೆ ಹಾಕುತ್ತಾಳೆ. ಕಳೆದ ವಾರ ಅವಳ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಬಂದರು. ಸಾಕ್ಷಿ ಹೇಳಲು ಅವರೆಲ್ಲ ಸಿದ್ಧರಿದ್ದಾರೆ. ಆದರೆ ನಿಮ್ಮ ಮುಂದಲ್ಲ.

ಆದ್ದರಿಂದ ಪಕ್ಷಗಳಿಗೆ ಬಂದ ಪ್ರತಿ ದೇಣಿಗೆಯ ಮೂಲವನ್ನು ಜನರ ಮುಂದಿಡಿ. ಈ ಪ್ರಕರಣದ ವಿಚಾರಣೆ ಆ ಹೆಂಗಸರ ಎದುರಿನಲ್ಲೇ, ಬಾಗಿಲು ತೆರೆದು ನಡೆಯಲಿ. ಅದಕ್ಕೂ ಮೊದಲು ನೀವು ಆ ಕುರ್ಚಿಯಿಂದ ಏಳಿ.

ಇಂತಿ,
ಅಕ್ಕನ ದುಡಿಮೆಯಲ್ಲಿ ಓದು ಬರಹ ಕಲಿತು, ಅದನ್ನು ಇಂಥ ಪತ್ರಕ್ಕೆ ಬಳಸಬೇಕಾಗಿ ಬಂದ ತಮ್ಮ