ಕೆಂಪಿಯನ್ನು ಎಳೆಯಬೇಡಿ

ರೀ,

ಅಕ್ಕನಿಗೆ ಹೆರಿಗೆ ನೋವು ಶುರುವಾಗಿದೆಯಂತೆ, ಆಸ್ಪತ್ರೆಗೆ ಹೊರಟೆ. ಸಂಜೆ ಕೆಂಪಿಯನ್ನು ಕಟ್ಟಿ ಹಾಲು ಕರೆಯುವ ಪಾಳಿ ನಿಮ್ಮದು.

ಹಗ್ಗ ಹಿಡಿದು ಎಳೆಯಬೇಡಿ. ಮೊನ್ನೆ ಎಳೆದಾಡಿ ಸಗಣಿಯಲ್ಲಿ ಕೂತದ್ದು ಕೆಂಪಿಯಲ್ಲ! ಹಗ್ಗ ಸಡಿಲ ಬಿಟ್ಟು ಸುಮ್ಮನೆ ನಿಲ್ಲಿ, ತಾನೇ ಒಂದು ಹೆಜ್ಜೆ ಬರುತ್ತಾಳೆ. ಆಗ ಒಂದು ಹಿಡಿ ಹಿಂಡಿ ಕೊಟ್ಟು ಕತ್ತಿನ ಕೆಳಗೆ ಜೋತುಬಿದ್ದ ಗಂಗೆದೊಗಲು ಸವರಿ.

ಕರೆಯುವಾಗ ಕಾಲೆತ್ತಿದರೆ ಬೈಯಬೇಡಿ. ಕಾಲು ಊರುವ ತನಕ ಕೈಯನ್ನು ಅವಳ ಹೊಟ್ಟೆಯ ಮೇಲೇ ಇಟ್ಟಿರಿ. ಕೈ ನಡುಗಿದರೆ ಅವಳಿಗೆ ಗೊತ್ತಾಗುತ್ತದೆ, ಮದುವೆಯ ದಿನ ನನಗೆ ಗೊತ್ತಾದ ಹಾಗೆ.

ಇವತ್ತು ಬೆಳಿಗ್ಗೆ ಮೊದಲ ಸಲ ಬಕೆಟ್ ತುಂಬುವವರೆಗೂ ಅಲ್ಲಾಡದೆ ನಿಂತಳು! ಒದೆಯುವ ಹಸು ಬೇಡವೆಂದು ನೀವು ಬರಹೇಳಿದ ದಲ್ಲಾಳಿ ಬಂದರೆ, "ಮಾರೋದಿಲ್ಲ, ಹೋಗಪ್ಪ" ಅನ್ನಿ. ಕೊಡಲೇಬೇಕು ಅನ್ನಿಸಿದರೆ ನನ್ನನ್ನೂ ಅದೇ ಹಗ್ಗಕ್ಕೆ ಕಟ್ಟಿ ಕಳಿಸಿ.