ನೀರುಕಳೆಯ ನಡುವಿನ ಕೂಗು

ಹೆರಾನ್ ಕೆರೆ, ಮಿನೆಸೋಟ
ಜುಲೈ ೯, ಮಂಗಳವಾರ

ಮಿರ್ನಾಗೆ,

ಮೂವತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದವಳಿಗೆ ಕಾಗದ ಬರೆಯುವಾಗ ಮೇಲೆ ಏನು ಹಾಕಬೇಕೋ ತಿಳಿಯಲಿಲ್ಲ. ‘ಪ್ರೀತಿಯ’ ಎಂದು ಬರೆದೆ. ನೀನು ಮೂಗು ಮುರಿಯುವುದು ಕಣ್ಣಿಗೆ ಕಟ್ಟಿತು, ಹಾಳೆ ಹರಿದು ಹಾಕಿದೆ. ಬರೀ ಹೆಸರೇ ಇರಲಿ ಬಿಡು.

ನಿನ್ನ ಕಾರ್ಡು ಬಂದು ಒಂದು ವಾರವಾಯಿತು. ಮೂರೇ ಸಾಲು. ಹತ್ತೊಂಬತ್ತನೇ ತಾರೀಖು ವಕೀಲರ ಹತ್ತಿರ ಹೋಗುತ್ತೀಯ, ವಿಚ್ಛೇದನದ ಕಾಗದ ಸಿದ್ಧವಿದೆ. ಸಹಿ ಹಾಕುವ ಮುಂಚೆ ನನ್ನಿಂದ ಒಂದು ಉತ್ತರ ಬೇಕು: ಅವತ್ತು ನೀನು ಕೂಗಿದ್ದು ನನಗೆ ಕೇಳಿಸಿತ್ತೋ ಇಲ್ಲವೋ. ಫೋನಿನಲ್ಲಾದರೆ ತಮಾಷೆ ಮಾಡಿ ಜಾರಿಕೊಳ್ಳುತ್ತೀಯ, ಕೈಯಲ್ಲೇ ಬರೆ ಎಂದಿದ್ದೀಯ. ನಿಜ ಹೇಳಿದರೆ ಸಹಿ ಹಾಕುವುದಿಲ್ಲ ಎಂದೇನೂ ನೀನು ಬರೆದಿಲ್ಲ. ಹಾಕಿಯೇ ಹಾಕುತ್ತೇನೆ ಎಂದೂ ಬರೆದಿಲ್ಲ. ಆ ಮೂರು ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ ದೇವರಿಗೇ ಗೊತ್ತು.

ಮೊದಲು ಕೆರೆಯ ಸುದ್ದಿ ಹೇಳಿಬಿಡುತ್ತೇನೆ. ಜಾರಿಕೊಳ್ಳುತ್ತಿದ್ದಾನೆ ಎಂದು ಬೈಯಬೇಡ, ಸ್ವಲ್ಪ ಹೊತ್ತು ಕೂತು ಕೇಳು.

ಈ ವರ್ಷ ಪಶ್ಚಿಮದ ಕೊಲ್ಲಿಯಲ್ಲಿ ಕಳೆ ವಿಪರೀತ. ನೈದಿಲೆ ಎಲೆಗಳು ಒಂದರ ಮೇಲೊಂದು ಹಾಸಿಕೊಂಡಿವೆ. ಅದರಾಚೆ ಉದ್ದನೆಯ ನೀರುಕಳೆ ತಳದಿಂದ ಎದ್ದು ಬಂದು ಮೇಲೆ ಅಡ್ಡಡ್ಡ ಮಲಗಿದೆ. ಕಳೆಯ ನಡುವೆ ತಟ್ಟೆಯಗಲ ಬರಿನೀರು ಇರುವ ಜಾಗವನ್ನು ನೀನು ‘ಕಿಟಕಿ’ ಎನ್ನುತ್ತಿದ್ದೆಯಲ್ಲ, ಅಂಥವು ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ನೀನು ನಿನ್ನ ಪುಟ್ಟ ಕಯಾಕ್ ದೋಣಿಯಲ್ಲಿ ಮುಂದೆ ಹೋಗಿ, ‘ಇಲ್ಲೈತೆ ನೋಡೋ ಕುರುಡಾ, ಮೂಗಿನ್ ಕೆಳಗೇ ಐತೆ’ ಎಂದು ಹುಟ್ಟುಗೋಲಿನಿಂದ ತೋರಿಸುವುದು, ನಾನು ಹಿಂದಿನಿಂದ ದಾರ ಬೀಸಿ ಜಿಂಕೆ ಕೂದಲಲ್ಲಿ ಕಟ್ಟಿದ ಗಾಳದ ಕಪ್ಪೆಯನ್ನು ಸರಿಯಾಗಿ ಅದರೊಳಗೆ ಬೀಳಿಸುವುದು. ಇಪ್ಪತ್ತು ಬೇಸಿಗೆ ಹೀಗೇ ಹೋಯಿತು. ಈಗ ಹುಡುಕುವವನೂ ನಾನೇ, ಬೀಸುವವನೂ ನಾನೇ. ಬೀಸಲೆಂದು ಹುಟ್ಟು ಕೆಳಗಿಟ್ಟರೆ ಸಾಕು, ಗಾಳಿ ನನ್ನನ್ನು ತಿರುಗಿಸಿ ದಡಕ್ಕೆ ಮುಖ ಮಾಡಿ ಕೂರಿಸುತ್ತದೆ.

ಮೀನು ಸಿಕ್ಕ ದಿನ ಇನ್ನೂ ಕಷ್ಟ. ಕಪ್ಪೆ ಬಿದ್ದ ಜಾಗದ ಅಲೆಗಳು ಆರುವವರೆಗೆ ಕಾಯುತ್ತೇನೆ, ಒಂದೇ ಒಂದು ಸಲ ಅಲುಗಿಸುತ್ತೇನೆ, ಬಾಸ್ ಮೀನು ಬಂದು ಗಬಕ್ಕನೆ ನುಂಗುತ್ತದೆ. ತಕ್ಷಣ ‘ನೋಡಿದ್ಯಾ?’ ಎಂದು ಹಿಂದಕ್ಕೆ ತಿರುಗುತ್ತೇನೆ. ನೀನಿಲ್ಲದ ಎರಡನೇ ಬೇಸಿಗೆ ಇದು, ಈ ಕತ್ತಿಗೆ ಇನ್ನೂ ಬುದ್ಧಿ ಬಂದಿಲ್ಲ. ಒಬ್ಬನೇ ಇರುವುದು ನನ್ನಿಂದ ಆಗುತ್ತಿಲ್ಲ ಮಿರ್ನಾ. ಇದನ್ನೂ ತಮಾಷೆಯಾಗಿ ಹೇಳಲು ನೋಡಿದೆ, ಬರಲಿಲ್ಲ.

ಶುಕ್ರವಾರ ಹೋಟೆಲಿನ ಮೀನೂಟಕ್ಕೆ ಹೋಗಿದ್ದೆ. ಟೊಯ್ವೊ ಗೊತ್ತಲ್ಲ, ಎಪ್ಪತ್ತಾದರೂ ನಾಲಗೆಗೆ ಮಾತ್ರ ಇಪ್ಪತ್ತೇ ವರ್ಷ. ನಾನು ಟೋಪಿ ತೆಗೆಯುವುದರೊಳಗೆ ಶುರು ಮಾಡಿದ. ‘ಏನಪ್ಪಾ ಆರ್ವಿಡ್, ಹೆಂಡ್ತೀನೂ ಬಿಟ್ಟೋದ್ಲು, ಮೀನೂ ಬಿಟ್ಟೋದ್ವು. ಒಂದು ನಾಯಿ ಸಾಕೋ ಮಾರಾಯಾ, ಕಟ್ಟಾಕಿದ್ರೆ ಅದಾದ್ರೂ ಇರುತ್ತೆ.’ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಗೋಡೆಗೆ ತೂಗುಹಾಕಿರುವ ಆ ಹಳೇ ಹುಟ್ಟಿನ ಮೇಲೆ, ಬೇಸಿಗೆಯ ಅತಿ ದೊಡ್ಡ ಬಾಸ್ ಹಿಡಿದವನ ಹೆಸರನ್ನು ಕಾದ ಕಬ್ಬಿಣದಲ್ಲಿ ಬರೆಯುತ್ತಾರಲ್ಲ, ಅಲ್ಲಿ ಟೊಯ್ವೊನ ಹೆಸರು ಒಂಬತ್ತು ಸಲ ಇದೆ. ನನ್ನದು ಒಂದು ಸಲವೂ ಇಲ್ಲ. ಅದಕ್ಕಾಗಿ ನಾನು ಎಷ್ಟು ಸಾಯುತ್ತಿದ್ದೆ ಎಂದು ನಿನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಅದೇ ಮೇಜಿನಲ್ಲಿ ಕೂತು ಎರಡು ವರ್ಷದ ಹಿಂದೆ ನಾನು ಹೇಳಿದ ಮಾತು ನಿನಗೆ ಮರೆತಿರಲಾರದು. ‘ಈ ವರ್ಷ ನಾನು ಹಿಡಿದ ದೊಡ್ಡ ಮೀನು ಇವಳೇ ಕಣ್ರೋ, ಕಳೆ ಸಮೇತ ಎಳ್ಕೊಂಡ್ ಬಂದೆ’ ಅಂದಿದ್ದೆ. ನೀನು ಫೋರ್ಕು ಕೆಳಗಿಟ್ಟೆ. ಅದನ್ನು ನಾನು ನೋಡಿದೆ. ನೋಡಿಯೂ, ನೀರಿನಿಂದ ಎತ್ತಿದಾಗ ನೀನು ಕೆಮ್ಮುತ್ತಿದ್ದ ರೀತಿಯನ್ನು ಅಣಕಿಸಿ ತೋರಿಸಿದೆ. ನನ್ನ ಬಾಯಿಗೆ ಬೆಂಕಿ ಬೀಳಲಿ.

ಊರಿಗೆಲ್ಲ ನಾನು ಹೇಳಿಕೊಂಡು ಬಂದ ಕತೆ ಇಷ್ಟು. ನೀನು ಕೊಲ್ಲಿಯ ಒಳಗಿದ್ದೆ, ನಾನು ಹೊರಗಿದ್ದೆ. ಗಾಳಿ ನನ್ನ ಕಡೆಯಿಂದ ನಿನ್ನ ಕಡೆಗಿತ್ತು, ಏನೂ ಕೇಳಿಸಲಿಲ್ಲ. ನನಗೊಂದು ದೊಡ್ಡ ಮೀನು ಸಿಕ್ಕಿ, ಸ್ವಲ್ಪ ಹೊತ್ತು ಆಡಿಸಿ ತಪ್ಪಿಸಿಕೊಂಡಿತು. ಆಮೇಲೆ ತಿರುಗಿ ನೋಡಿದರೆ ನಿನ್ನ ಕಯಾಕ್ ಮಗುಚಿತ್ತು, ಎದ್ದೆನೋ ಬಿದ್ದೆನೋ ಎಂದು ಬಂದೆ. ಆ ವರ್ಷ ಅಕ್ಟೋಬರಿನಲ್ಲಿ ನಿನ್ನ ಅಕ್ಕ ಬರ್ನೀಸ್ ಕಾರಿನಲ್ಲಿ ಕಾಯುತ್ತಿದ್ದಾಗ ನೀನು ಸೂಟ್‌ಕೇಸ್ ಹಿಡಿದುಕೊಂಡೇ ಕೇಳಿದೆ, ‘ಕೇಳಿಸ್ತೋ ಇಲ್ವೋ ಆರ್ವಿಡ್? ಒಂದೇ ಒಂದ್ ಮಾತು ಹೇಳು, ಒಳಗೆ ಬರ್ತೀನಿ.’ ನಾನು ‘ಗಾಳಿ ಇತ್ತಲ್ಲೇ’ ಎಂದೆ. ನೀನು ಕಾರು ಹತ್ತಿದೆ.

ಈಗ ಹೋದ ಶನಿವಾರದ ಸಂಗತಿ ಕೇಳು. ನನ್ನ ಕಪ್ಪೆ ನೈದಿಲೆಯ ಕಾಂಡಕ್ಕೆ ಸಿಕ್ಕಿಕೊಂಡಿತು. ಅಂಥ ಹೊತ್ತಿನಲ್ಲಿ ದಾರ ಕಡಿದುಬಿಡಬೇಕು, ಕಯಾಕಿನಿಂದ ಬಗ್ಗಿ ಬಿಡಿಸಲು ಹೋಗಬಾರದು ಎಂದು ಹೊಸಬರಿಗೆಲ್ಲ ಪಾಠ ಹೇಳುವವನು ನಾನು. ಆದರೆ ಆ ಕಪ್ಪೆ ಕಟ್ಟಲು ಎರಡು ಸಂಜೆ ಹಿಡಿದಿತ್ತು. ಬಗ್ಗಿದೆ, ಅಷ್ಟೇ, ಕಯಾಕ್ ಮಗುಚಿತು. ನೀನೂ ಅವತ್ತು ಹಾಗೇ ಬಗ್ಗಿದ್ದೆಯಲ್ಲವೇ?

ಎದೆಮಟ್ಟದ ನೀರು, ಮೈಮೇಲೆ ತೇಲುವ ಜಾಕೆಟ್ಟು. ಇದರಲ್ಲಿ ಹೆದರುವುದೇನಿದೆ ಎಂದು ನಾನು ಎಷ್ಟು ಜನರ ಮುಂದೆ ಹೇಳಿಲ್ಲ! ನಿಲ್ಲೋಣವೆಂದು ಕಾಲು ಊರಿದೆ. ಕೆಸರು ಮೊಣಕಾಲಿನವರೆಗೆ ನುಂಗಿತು. ಒಂದು ಕಾಲು ಕೀಳಲು ಹೋದರೆ ಇನ್ನೊಂದು ಇಳಿಯುತ್ತದೆ. ಕಳೆ ತೊಡೆಗೆ, ಸೊಂಟಕ್ಕೆ ಸುತ್ತಿಕೊಳ್ಳುತ್ತದೆ, ಎಳೆದಷ್ಟೂ ಬಿಗಿಯಾಗುತ್ತದೆ. ಗಲ್ಲದವರೆಗೆ ನೀರು ಬಂತು, ಬಾಯಿಗೂ ಬಂತು. ದಡದಲ್ಲಿ ಯಾರೋ ಬೇಸಿಗೆಯ ಬಾಡಿಗೆ ಮನೆಯವನು ಯಂತ್ರದ ಮೇಲೆ ಕೂತು ಹುಲ್ಲು ಕತ್ತರಿಸುತ್ತಿದ್ದ. ಎರಡು ಕೈ ಎತ್ತಿ ಕೂಗಿದೆ. ಅವನೂ ನಗುತ್ತಾ ಕೈ ಬೀಸಿದ. ಬೀಸಿ, ಯಂತ್ರ ತಿರುಗಿಸಿಕೊಂಡು ಮನೆಯ ಹಿಂದಕ್ಕೆ ಹೋದ.

ಹೇಗೋ ಕಯಾಕಿನ ಹಗ್ಗ ಕೈಗೆ ಸಿಕ್ಕಿತು, ಮೈಯನ್ನು ಅದರ ಮೇಲೆ ಎಳೆದುಕೊಂಡೆ. ಗಡಿಯಾರ ನೋಡಿದರೆ ಹನ್ನೊಂದು ನಿಮಿಷ ಆಗಿತ್ತು, ನನಗೆ ಒಂದು ಜೀವಮಾನ ಆಗಿತ್ತು. ದಡದಲ್ಲಿ ಕೂತು ನಾಚಿಕೆಯಿಲ್ಲದೆ ಅತ್ತೆ. ಪ್ರಾಣ ಉಳಿಯಿತು ಎಂದು ಅತ್ತದ್ದಲ್ಲ.

ಸರಿ, ಇನ್ನು ಸುತ್ತಿ ಬಳಸುವುದು ಸಾಕು.

ಕೇಳಿಸಿತ್ತು. ಮೊದಲನೇ ಕೂಗೇ ಕೇಳಿಸಿತ್ತು. ನನ್ನ ದಾರದ ತುದಿಯಲ್ಲಿ ಆ ಬಾಸ್ ಇತ್ತು. ಕಳೆಯಲ್ಲಿ ಬಾಸ್ ಸಿಕ್ಕರೆ ದಾರ ಒಂದು ಕ್ಷಣ ಸಡಿಲ ಬಿಡುವಂತಿಲ್ಲ, ಬಿಟ್ಟರೆ ತಳಕ್ಕೆ ನುಗ್ಗಿ ಸುತ್ತಿಕೊಳ್ಳುತ್ತದೆ, ಅಲ್ಲಿಗೆ ಮುಗಿಯಿತು. ನಾನು ಬಿಡಲಿಲ್ಲ. ನೀನು ನಗುತ್ತಿದ್ದೀಯ ಎಂದುಕೊಂಡೆ. ಬಿದ್ದವಳು ತನ್ನ ಪಾಡಿಗೆ ತಾನೇ ನಗುತ್ತಾ ನನ್ನನ್ನು ಕರೆಯುತ್ತಿದ್ದಾಳೆ, ಒಂದು ನಿಮಿಷ ತಡವಾದರೆ ಏನಾಯಿತು ಎಂದುಕೊಂಡೆ. ಆ ಒಂದು ನಿಮಿಷ ಐದಾಯಿತು. ಅಷ್ಟರಲ್ಲಿ ಮೀನೂ ತಪ್ಪಿಸಿಕೊಂಡಿತು. ತಪ್ಪು ನನ್ನದು. ಈ ಮಾತನ್ನು ಅಕ್ಟೋಬರಿನಲ್ಲೇ ಹೇಳಬೇಕಿತ್ತು, ಹೇಡಿ ನಾನು, ಹೇಳಲಿಲ್ಲ.

ಸಹಿ ಹಾಕಬೇಡ ಮಿರ್ನಾ. ಮನೆಗೆ ಬಾ. ನೀರಿಗೆ ಇಳಿಯುವುದು ಬೇಡವೆಂದರೆ ಎರಡು ಕಯಾಕನ್ನೂ ಮಾರಿಬಿಡುತ್ತೇನೆ, ನೀನು ಹೇಳಿದ ಕಡೆ ಕೂರುತ್ತೇನೆ. ಬರ್ನೀಸ್ ನನ್ನನ್ನು ಏನು ಬೇಕಾದರೂ ಅನ್ನಲಿ, ತುಟಿ ಬಿಚ್ಚುವುದಿಲ್ಲ.

ಹತ್ತೊಂಬತ್ತರವರೆಗಾದರೂ ನಿನ್ನ ಗಂಡ,
ಆರ್ವಿಡ್

ಮರೆತ ಮಾತು, ಬುಧವಾರ ಬೆಳಿಗ್ಗೆ:

ಮರೆತದ್ದೇನೂ ಅಲ್ಲ. ನಿನ್ನೆ ಕಾಗದವನ್ನು ಮನೆ ಮುಂದಿನ ಅಂಚೆ ಪೆಟ್ಟಿಗೆಯಲ್ಲಿಟ್ಟು, ಅಂಚೆಯವಳಿಗೆ ಗುರುತಾಗಲೆಂದು ಕೆಂಪು ಬಾವುಟ ಎತ್ತಿ, ಒಳಗೆ ಬಂದು ಕಾಫಿಗೆ ಇಟ್ಟೆ. ಮನಸ್ಸು ತಡೆಯಲಿಲ್ಲ. ಅಂಚೆಯವಳು ಬರುವ ಮೊದಲೇ ಓಡಿ ಹೋಗಿ ತೆಗೆದುಕೊಂಡು ಬಂದೆ.

ನಗುತ್ತಿದ್ದೀಯ ಎಂದುಕೊಂಡೆ ಅನ್ನುವುದು ಸುಳ್ಳು. ಅಷ್ಟು ವರ್ಷ ನಿನ್ನ ನಗು ಕೇಳಿದವನಿಗೆ ಅದು ನಗುವಲ್ಲ ಎಂದು ಗೊತ್ತಾಗುವುದಿಲ್ಲವೇ? ಮೀನು ತಪ್ಪಿಸಿಕೊಂಡಿತು ಅನ್ನುವುದೂ ಸುಳ್ಳು. ಅದನ್ನು ಹಿಡಿದೆ, ಅಳತೆಯ ಹಲಗೆಯ ಮೇಲೆ ಮಲಗಿಸಿದೆ. ಇಪ್ಪತ್ತೊಂದೂವರೆ ಇಂಚು, ಆ ವರ್ಷ ಟೊಯ್ವೊ ಹಿಡಿದದ್ದಕ್ಕಿಂತ ಅರ್ಧ ಇಂಚು ಹೆಚ್ಚು. ಬಾಯಿ ಹಿಡಿದು ಎತ್ತಿ ಫೋಟೊ ತೆಗೆದೆ, ನೀರಿಗೆ ಬಿಟ್ಟೆ. ಆಮೇಲೆ ನಿನ್ನ ಹತ್ತಿರ ಬಂದೆ.

ಆ ಫೋಟೊವನ್ನು ಹೋಟೆಲಿನವರಿಗೆ ಕೊಡಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ನಿನ್ನೆ ಔಷಧಿ ಅಂಗಡಿಯ ಫೋಟೊ ಯಂತ್ರದಲ್ಲಿ ಅಚ್ಚು ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಮೀನನ್ನು ನೋಡಬೇಡ. ಅದರ ಬಾಲದ ಪಕ್ಕದಲ್ಲಿ, ಹಿಂದೆ, ಕಳೆಯ ನಡುವೆ ನೋಡು. ಎತ್ತಿದ ಕೈ ನಿನ್ನದು.

ಸಹಿ ಹಾಕಬೇಡ ಎಂದು ಬೇಡಿಕೊಂಡದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಕೇಳಿಸಿತ್ತೋ ಇಲ್ಲವೋ ಎಂದಷ್ಟೇ ನೀನು ಕೇಳಿದ್ದು. ಕಾಣಿಸುತ್ತಲೂ ಇತ್ತು ಮಿರ್ನಾ.